ಕಟ್ಟಿದ ಮೇಲಿನ ಕೆಲಸ

ತಂಗಿ, ಸಕ್ಕರೆ ಕಾರ್ಖಾನೆಯಲ್ಲಿ ಆವರಣದ ಉಸ್ತುವಾರಿ ನಿನ್ನ ಹೆಗಲಿಗೆ ಬಂತೆಂದು ನಿಮ್ಮಪ್ಪ ಹೇಳಿದ. ನೀರು, ಕರೆಂಟು, ಕ್ಯಾಂಟೀನು, ಕಸ, ಚರಂಡಿ, ಕ್ವಾರ್ಟರ್ಸು, ಕಬ್ಬಿನ ಯಾರ್ಡು ಎಲ್ಲವೂ ಇನ್ನು ನಿನ್ನವೇ. ‘ಪರಿಸರಸ್ನೇಹಿ ಮಾಡಿ ತೋರಿಸು ಅಂದಾರ ಕಾಕಾ, ಎಲ್ಲಿಂದ ಶುರು ಮಾಡ್ಲಿ?’ ಎಂದು ನೀನು ಕೇಳಿದ್ದಕ್ಕೆ ಫೋನಿನಲ್ಲಿ ಆಡುವ ಎರಡು ಮಾತು ಸಾಲದು. ಬಾಯ್ಲರ್ ಮನೆಯಲ್ಲೇ ತಲೆ ನೆರೆಸಿಕೊಂಡವನು ನಾನು, ತಿಳಿದಷ್ಟನ್ನು ಬರೆದೇ ಹೇಳುತ್ತೇನೆ.

ನಮ್ಮ ಚಿಕ್ಕಪಡಸಲಗಿ ಬ್ಯಾರೇಜಿನ ಕತೆ ಕೇಳಿಯೇ ನೀನು ಬೆಳೆದವಳು. ಬೇಸಿಗೆಯಲ್ಲಿ ಹೊಳೆ ಬತ್ತಿ ದಂಡೆಯ ಪಂಪ್‌ಸೆಟ್ಟುಗಳೆಲ್ಲ ಸುಮ್ಮನಾಗುತ್ತಿದ್ದ ಕಾಲವದು. ಸರ್ಕಾರದ ದಾರಿ ಕಾದು ಸಾಕಾದ ರೈತರು ಕೃಷ್ಣಾ ತೀರ ರೈತ ಸಂಘ ಮಾಡಿಕೊಂಡು, ವಂತಿಗೆ ಎತ್ತಿ, ಮೈ ಬಗ್ಗಿಸಿ ದುಡಿದು 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ನಿಲ್ಲಿಸಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂದೆ ನಿಂತು ನಡೆಸಿದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು. 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ದಿಲ್ಲಿಗೆ ಹೋದರು. ಇಷ್ಟನ್ನು ಹೊರಗಿನವರೂ ಹೇಳುತ್ತಾರೆ. ಆಮೇಲಿನ ಕೆಲಸದ ಬಗ್ಗೆ ಮಾತ್ರ ಯಾರೂ ಅಷ್ಟಾಗಿ ಮಾತಾಡುವುದಿಲ್ಲ. ಪ್ರವಾಹ ಇಳಿದ ಮೇಲೆ ಗೇಟು ಹಾಕಬೇಕು, ಸಂದಿಯಲ್ಲಿ ಸೋರುವುದನ್ನು ಬಿಗಿಮಾಡಬೇಕು, ಮುಂಗಾರಿಗೆ ಮುಂಚೆ ಗೇಟು ತೆಗೆಯಬೇಕು. ನೀರು ಸಾಲದ ವರ್ಷಗಳಲ್ಲಿ ಆಲಮಟ್ಟಿ ಹಿನ್ನೀರನ್ನು ಮೋಟಾರು ಹಚ್ಚಿ ಎತ್ತಿ ಬ್ಯಾರೇಜು ತುಂಬಿಸಿಕೊಂಡದ್ದೂ ಉಂಟು. ಆ ಗೋಡೆ ಇವತ್ತಿಗೂ ನೀರು ಹಿಡಿದಿದ್ದರೆ ಅದಕ್ಕೆ ಕಟ್ಟಿದ ದಿನದ ಹುಮ್ಮಸ್ಸಷ್ಟೇ ಕಾರಣವಲ್ಲ, ವರ್ಷ ವರ್ಷ ಮಾಡಿದ ಈ ದುರಸ್ತಿಯೂ ಕಾರಣ. ನಿನ್ನ ಕೆಲಸವೂ ಇದೇ ಜಾತಿಯದು. ಜೂನ್ 5ರ ಪರಿಸರ ದಿನ ಬಂದಾಗ ಸಸಿ ನೆಡಲು ನಿನ್ನನ್ನೇ ಕರೆಯುತ್ತಾರೆ. ನೆಡು, ಬೇಡ ಅನ್ನುವುದಿಲ್ಲ. ಹೋದ ವರ್ಷ ನೆಟ್ಟವುಗಳಲ್ಲಿ ಎಷ್ಟು ಉಳಿದಿವೆ ಎಂದು ಎಣಿಸಿಕೊಂಡು ಆಮೇಲೆ ನೆಡು.

ಮೊದಲು ನೀರಿನ ಮಾತು. ಕಬ್ಬಿನ ತೂಕದಲ್ಲಿ ಸುಮಾರು ಶೇ 70 ಭಾಗ ನೀರೇ. ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಗೆ ಹೆಚ್ಚುಕಡಿಮೆ 35 ಲಕ್ಷ ಲೀಟರ್ ನೀರು ಟ್ರಾಕ್ಟರಿನ ಮೇಲೆ ಕೂತೇ ಒಳಗೆ ಬರುತ್ತದೆ. ಒಂದಿಷ್ಟು ರಸ ಹಿಂಡಿದ ಸಿಪ್ಪೆಯಾದ ಬಗ್ಯಾಸ್‌ನಲ್ಲಿ ಉಳಿಯುತ್ತದೆ. ಉಳಿದದ್ದು ರಸ ಕುದಿಯುವಾಗ ಆವಿಯಾಗುತ್ತದೆ. ಆ ಆವಿಯಲ್ಲಿ ಬಹುಪಾಲು ತಣಿದು ಕಂಡೆನ್ಸೇಟ್ ನೀರಾಗಿ ಕೈಗೆ ಸಿಗುತ್ತದೆ. ಅದನ್ನು ಹಿಡಿದು, ತಂಪುಮಾಡಿ, ಶುದ್ಧಮಾಡಿ ಬಳಸುವ ಕಾರ್ಖಾನೆ ಹಂಗಾಮಿನಲ್ಲಿ ಹೊಳೆಯಿಂದ ಎತ್ತಬೇಕಾದ ನೀರು ಬಹಳ ಕಡಿಮೆ. ಹಾಗಾದರೆ ಹೊಳೆಯ ಪೈಪು ಹಗಲೂ ರಾತ್ರಿ ಯಾಕೆ ಓಡುತ್ತದೆ? ಪಂಪಿನ ಗ್ಲ್ಯಾಂಡ್ ಸೋರುತ್ತಿರುತ್ತದೆ. ಬಿಸಿನೀರು ತಣಿಸುವ ಸ್ಪ್ರೇ ಪಾಂಡ್ ಉಕ್ಕಿ ಹರಿಯುತ್ತಿರುತ್ತದೆ. ನೆಲಕ್ಕೆ ಬಿದ್ದ ರಸವನ್ನು ಗೋರಿ ತೆಗೆಯುವ ಬದಲು ಪೈಪು ಹಿಡಿದು ಚರಂಡಿಗೆ ತಳ್ಳುತ್ತಾರೆ. ಕಂಡೆನ್ಸೇಟಿನಲ್ಲಿ ಒಂದು ಪಾಳಿಯಲ್ಲಿ ಸಕ್ಕರೆ ಬೆರೆತು ಬಂತೆಂದು ಹೊರಗೆ ತಿರುಗಿಸಿದ ವಾಲ್ವನ್ನು ಮುಂದಿನ ಪಾಳಿಯವರು ಹಾಗೆಯೇ ಬಿಡುತ್ತಾರೆ. ಒಂದೊಂದೂ ಸಣ್ಣದೇ, ಆದರೆ ಎಲ್ಲ ಕೂಡಿದ ಭಾರ ಹೊಳೆಯ ಮೇಲೆ ಬೀಳುತ್ತದೆ.

2016ರಲ್ಲಿ ಕೇಂದ್ರ ಪರಿಸರ ಇಲಾಖೆ ಸಕ್ಕರೆ ಕಾರ್ಖಾನೆಗಳಿಗೆ ಹೊಸ ಮಿತಿ ಹಾಕಿತು. ಟನ್ ಕಬ್ಬಿಗೆ ಹೊರಬಿಡುವ ನೀರು 200 ಲೀಟರ್ ಮೀರಬಾರದು. ಮೊದಲು 400 ಇತ್ತು. ನಿನ್ನ ವರದಿಯಲ್ಲಿ 190 ಎಂದು ಬಂದರೆ ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಅದೇ 5,000 ಟನ್ನಿಗೆ ಲೆಕ್ಕ ಹಾಕಿ ನೋಡು. ಕಾಯ್ದೆಯ ಒಳಗಿದ್ದೂ ದಿನಕ್ಕೆ ಸುಮಾರು ಒಂಬತ್ತೂವರೆ ಲಕ್ಷ ಲೀಟರ್ ಆಚೆ ಹೋಯಿತು. ಮಿತಿ ಎನ್ನುವುದು ತಪ್ಪಿಗೆ ಹಾಕಿದ ಬೇಲಿ, ಅಲ್ಲಿಗೆ ಮುಟ್ಟಿದರೆ ಸಾಕು ಎಂದು ಯಾರೂ ಹೇಳಿಲ್ಲ.

ಆದ್ದರಿಂದ ಮೊದಲ ತಿಂಗಳು ಏನನ್ನೂ ಕೊಳ್ಳಬೇಡ. ಸೋಲಾರ್, ಸೆನ್ಸರ್, ಡ್ಯಾಶ್‌ಬೋರ್ಡ್ ಎಂದು ಮಾರುವವರು ಸಾಲಾಗಿ ಬರುತ್ತಾರೆ, ಚಹಾ ಕೊಟ್ಟು ಕಳಿಸು. ನಾಲ್ಕು ಮೀಟರು ಮಾತ್ರ ಹಾಕಿಸು. ಹೊಳೆಯಿಂದ ಬರುವ ಪೈಪಿಗೆ ಒಂದು, ಕ್ವಾರ್ಟರ್ಸಿಗೆ ಒಂದು, ಕೂಲಿಂಗ್ ಟವರಿಗೆ ಸೇರಿಸುವ ನೀರಿಗೆ ಒಂದು, ಕೊಳೆನೀರು ಶುದ್ಧಮಾಡುವ ಘಟಕಕ್ಕೆ, ಅಂದರೆ ಇಟಿಪಿಗೆ, ಹೋಗುವ ನೀರಿಗೆ ಒಂದು. ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿಗೆ ನೀನೇ ನಿಂತು ಓದು. ಅಂಕಿಯನ್ನು ಕಂಪ್ಯೂಟರಿನಲ್ಲಿ ಮುಚ್ಚಿಡಬೇಡ. ಗೇಟಿನ ಹತ್ತಿರದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕನ್ನಡದಲ್ಲಿ ಬರೆಸು. ನಿನ್ನೆಗಿಂತ ಯಾಕೆ ಹೆಚ್ಚಾಯಿತು ಎಂದು ಫಿಟ್ಟರುಗಳು ತಾವೇ ಮಾತಾಡತೊಡಗುತ್ತಾರೆ. ಸೆಕೆಂಡಿಗೊಂದು ಹನಿ ಬೀಳುವ ನಲ್ಲಿ ದಿನಕ್ಕೆ 20ರಿಂದ 30 ಲೀಟರ್ ಕಳೆಯುತ್ತದೆ. ಅದನ್ನು ಮೊದಲು ನೋಡುವವರು ಎಂಜಿನಿಯರುಗಳಲ್ಲ, ಕಸ ಗುಡಿಸುವ ಅಕ್ಕಂದಿರು. ಅವರು ಹೇಳಿದ್ದನ್ನು ಬರೆದುಕೊಳ್ಳಲು ಒಂದು ವಹಿ ಇಡು. ಹೇಳಿದ ಸೋರಿಕೆ ಮೂರನೇ ದಿನಕ್ಕೂ ಸೋರುತ್ತಿದ್ದರೆ ಅವರು ಮತ್ತೆಂದೂ ಹೇಳುವುದಿಲ್ಲ, ಇದನ್ನು ಚೆನ್ನಾಗಿ ನೆನಪಿಡು.

ಕರೆಂಟಿನ ವಿಷಯದಲ್ಲಿ ನಮ್ಮ ಕಾರ್ಖಾನೆಗಳಿಗೆ ಒಂದು ಹಳೆಯ ರೋಗವಿದೆ. ಬಗ್ಯಾಸ್ ಸುಟ್ಟು ನಾವೇ ಕರೆಂಟು ತಯಾರಿಸುತ್ತೇವೆ, ಅದು ಪುಕ್ಕಟೆ ಎಂಬ ಭಾವನೆ. ಹಗಲು ಹೊತ್ತಿನಲ್ಲೂ ಯಾರ್ಡಿನ ದೀಪ ಉರಿಯುತ್ತದೆ. ಪುಕ್ಕಟೆ ಯಾವುದೂ ಇಲ್ಲ. ಒಳಗೆ ಉಳಿಸಿದ ಯೂನಿಟ್ ಗ್ರಿಡ್‌ಗೆ ಮಾರಬಹುದಾದ ಯೂನಿಟ್. ಉಳಿಸಿದ ಬಗ್ಯಾಸ್ ಹಂಗಾಮು ಮುಗಿದ ಮೇಲೂ ಉರಿಯುತ್ತದೆ. ಮಾಲೀಕರ ಎದುರು ಈ ಭಾಷೆಯಲ್ಲೇ ಮಾತಾಡು, ರೂಪಾಯಿಯ ಲೆಕ್ಕ ಬೇಗ ಕಿವಿಗೆ ಬೀಳುತ್ತದೆ. 10 ಕಿಲೋವ್ಯಾಟ್ ಎಳೆಯುವ ಮೋಟಾರು 150 ದಿನದ ಹಂಗಾಮಿನಲ್ಲಿ ಬಿಡದೆ ಓಡಿದರೆ 36,000 ಯೂನಿಟ್. ಯೂನಿಟ್ಟಿಗೆ 7 ರೂಪಾಯಿ ಹಿಡಿದರೂ ಎರಡೂವರೆ ಲಕ್ಷ. ಮೋಟಾರು ಕೊಳ್ಳುವಾಗ ಬರೀ ಕೊಟೇಶನ್ನಿನ ಕೆಳಗಿನ ಅಂಕಿ ನೋಡಿ ಸಹಿ ಮಾಡುವವರಿಗೆ ಈ ಲೆಕ್ಕ ತೋರಿಸು. ಸುಟ್ಟ ಮೋಟಾರನ್ನೇ ಮೇಲಿಂದ ಮೇಲೆ ರಿವೈಂಡ್ ಮಾಡಿಸುವವರಿಗೂ ತೋರಿಸು, ಕೆಟ್ಟ ರಿವೈಂಡಿಂಗ್ ಆದ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ತಿನ್ನುತ್ತದೆ.

ಆಫೀಸಿನ ಎಸಿ ಬಗ್ಗೆ ಜಗಳ ಬಂದೇ ಬರುತ್ತದೆ. 2020ರಿಂದ ಮಾರುವ ಎಸಿಗಳು ಶುರುವಿನಲ್ಲೇ 24 ಡಿಗ್ರಿಗೆ ನಿಂತಿರಬೇಕೆಂದು ಕೇಂದ್ರದ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ಕರೆಂಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಆದರೆ ತಗಡಿನ ಸೂರಿನ ಕೆಳಗೆ ಕೂತವರಿಗೆ 24ರಲ್ಲಿ ಕೂಡಿ ಎಂದರೆ ಕೇಳಲಾರರು. ಮೊದಲು ಸೂರಿಗೆ ಬಿಳಿ ಬಣ್ಣ ಹಚ್ಚಿಸು, ಪಡುವಣ ಕಿಟಕಿಗೆ ನೆರಳು ಮಾಡಿಸು. ನಮ್ಮ ಸೀಮೆಯ ಮಾಳಿಗೆ ಮನೆಗಳು ದಪ್ಪ ಗೋಡೆ, ಮಣ್ಣಿನ ಮಾಳಿಗೆ, ಬೆಳಕಿಂಡಿ ಇವಿಷ್ಟರಿಂದಲೇ ಏಪ್ರಿಲ್ ಬಿಸಿಲನ್ನು ಹೊರಗಿಟ್ಟವು. ಹೊಸ ಕಟ್ಟಡದ ನಕ್ಷೆ ನಿನ್ನ ಮೇಜಿಗೆ ಬಂದಾಗ ಗಾಜಿನ ಮುಖ ಬೇಡ ಎಂದು ಗಟ್ಟಿಯಾಗಿ ಹೇಳು.

ಕಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಿಮ್ಮ ಕಾಲದವರಿಗೆ ಅದು ಗೊತ್ತು. ಬ್ಯಾಟರಿಗೂ ಇ-ತ್ಯಾಜ್ಯಕ್ಕೂ 2022ರ ನಿಯಮಗಳಿವೆ. ಗುಜರಿಯವನಿಗೆ ತೂಕಕ್ಕೆ ಹಾಕದೆ ನೋಂದಣಿಯಾದವರಿಗೇ ಕೊಡು. ಒಂದನ್ನು ಮಾತ್ರ ಕಣ್ಣಿಟ್ಟು ನೋಡು: ಬಳಸಿದ ಎಣ್ಣೆ. ಗ್ರೀಸು, ಎಣ್ಣೆ ಚರಂಡಿ ಸೇರಿದರೆ ಇಟಿಪಿಯ ಸೂಕ್ಷ್ಮಜೀವಿಗಳ ಕೆಲಸ ಕೆಡುತ್ತದೆ. ಇಟಿಪಿ ಎಂದರೆ ಜೀವ ಇರುವ ವಸ್ತು, ತಂಗಿ. ಸ್ವಿಚ್ ಒತ್ತಿದ ಕ್ಷಣ ಅದು ಎದ್ದು ನಿಲ್ಲುವುದಿಲ್ಲ. ಹಂಗಾಮಿಗೆ ಕೆಲವು ವಾರ ಮೊದಲೇ ಸೆಗಣಿ ಹಾಕಿ, ಗಾಳಿ ಊದಿ, ಸ್ವಲ್ಪ ಸ್ವಲ್ಪವೇ ಕೊಳೆನೀರು ಕೊಟ್ಟು ಬೆಳೆಸಬೇಕು. ಕಬ್ಬು ನುರಿಯಲು ಶುರುವಾದ ದಿನ ಇಟಿಪಿಯ ನೆನಪಾದರೆ, ಆ ವರ್ಷದ ಮೊದಲ ಕೊಳೆ ನೇರ ಹಳ್ಳಕ್ಕೇ. ಹಳ್ಳದ ಕೆಳಗೆ ದನ ನೀರು ಕುಡಿಯುತ್ತವೆ, ಹೊಳೆಯ ಕೆಳಗೆ ಊರುಗಳಿವೆ. ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಮಾತ್ರ ನಮ್ಮ ಹೊಲದ ಆಸ್ತಿ. ಮಳೆಗೆ ತೊಳೆದುಹೋಗುವಂತೆ ಬಯಲಲ್ಲಿ ಒಟ್ಟಬೇಡ, ಕಾಂಪೋಸ್ಟ್ ಮಾಡಿಸಿ ಕಬ್ಬು ಕೊಟ್ಟ ರೈತರಿಗೇ ಮರಳಿಸು.

ಯಾರ್ಡಿನಲ್ಲಿ ರಾತ್ರಿಯಿಡೀ ಸರದಿ ಕಾಯುವ ಟ್ರಾಕ್ಟರ್ ಚಾಲಕರಿಗೆ ಕುಡಿಯುವ ನೀರು, ಶೌಚಾಲಯ, ಮಲಗಲು ಕಟ್ಟೆ ಮಾಡಿಸು. ಟೋಕನ್ ಪದ್ಧತಿ ಸರಿಯಾಗಿ ನಡೆದರೆ ಎಂಜಿನ್ ಚಾಲೂ ಇಟ್ಟು ಇಂಚಿಂಚು ಸರಿಯುವುದು ತಪ್ಪುತ್ತದೆ, ಡೀಸೆಲ್ ಉಳಿಯುತ್ತದೆ. ಪರಿಸರದ ವರದಿಯಲ್ಲಿ ಇದಕ್ಕೆ ಕಾಲಂ ಇರುವುದಿಲ್ಲ. ಇಲ್ಲದಿದ್ದರೂ ಮಾಡು.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ಹಂಗಾಮು ಮುಗಿದು ಓವರ್‌ಹಾಲಿಂಗ್ ಶುರುವಾದಾಗ ಕಾಕಂಬಿ ಟ್ಯಾಂಕು, ಇಟಿಪಿ ಗುಂಡಿ, ಕ್ವಾರ್ಟರ್ಸಿನ ಸೆಪ್ಟಿಕ್ ಟ್ಯಾಂಕು ಸ್ವಚ್ಛ ಮಾಡಿಸುವ ಹೊಣೆಯೂ ನಿನ್ನದೇ. ಒಳಗೆ ವಿಷಗಾಳಿ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಗಟ್ಟಿಯಾದಾಗ ವಾಸನೆಯೂ ತಿಳಿಯುವುದಿಲ್ಲ. ಸೆಪ್ಟಿಕ್ ಟ್ಯಾಂಕಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಅಲ್ಲಿಗೆ ಸಕ್ಕಿಂಗ್ ಯಂತ್ರವನ್ನೇ ತರಿಸು. ಉಳಿದ ಟ್ಯಾಂಕುಗಳಿಗೆ ಗಾಳಿ ಊದಿಸದೆ, ಗ್ಯಾಸ್ ಮೀಟರು ಹಿಡಿದು ನೋಡದೆ, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಒಬ್ಬನನ್ನು ನಿಲ್ಲಿಸದೆ ಯಾರನ್ನೂ ಇಳಿಸಬೇಡ. ಗುತ್ತಿಗೆದಾರ ಅವಸರ ಮಾಡಿದರೆ ಪರ್ಮಿಟ್ಟಿಗೆ ಸಹಿ ಹಾಕಬೇಡ. ಒಳಗೆ ಒಬ್ಬ ಬಿದ್ದನೆಂದರೆ ಅವನನ್ನು ಎತ್ತಲು ಇನ್ನೊಬ್ಬ ಹಾಗೇ ಧುಮುಕುತ್ತಾನೆ, ಅವನನ್ನು ತಡೆಯುವ ದನಿ ನಿನ್ನದಿರಬೇಕು. ಉಸಿರಾಟದ ಉಪಕರಣ ಎಲ್ಲಿ ಇಟ್ಟಿದ್ದಾರೆ, ಅದರ ಸಿಲಿಂಡರ್ ತುಂಬಿದೆಯೇ ಎಂದು ಈ ವಾರವೇ ಹೋಗಿ ನೋಡು.