ಮೌತ್‌ಪೀಸ್ ಬದಲಾಯಿಸೋ ಮುಂಚೆ

ರಾಜ್ಯೋತ್ಸವಕ್ಕೆ ಎರಡೇ ವಾರ ಇತ್ತು. ನಮ್ಮ ಬ್ಯಾಂಡಿನ ಕ್ಲಾರಿನೆಟ್ ಮೇಲಿನ ಸ್ವರಗಳಿಗೆ ಹೋದ ಕೂಡಲೇ ಕೀಚ್ ಅಂತ ಕಿರುಚೋಕೆ ಶುರು ಮಾಡ್ತು. ಮೌತ್‌ಪೀಸ್ ಹಾಳಾಗಿದೆ ಅಂತ ತೀರ್ಮಾನಿಸಿ, ಎಂಟು ಜನ ಸೇರಿ ಮೆಸ್ ದುಡ್ಡಲ್ಲಿ ಉಳಿಸಿದ್ದನ್ನೆಲ್ಲ ಒಟ್ಟು ಮಾಡಿದ್ವಿ. ಆರ್ಡರ್ ಮಾಡೋ ಹಿಂದಿನ ದಿನ ಗೊತ್ತಾಯ್ತು: ತಪ್ಪು ನಾಲ್ಕು ತಿಂಗಳ ಹಳೇ ರೀಡಿನದು. ತುದಿಯಲ್ಲಿ ಕೂದಲೆಳೆಯಷ್ಟು ಸೀಳು!

ಮೌತ್‌ಪೀಸಿನ ತುದಿಗೂ ರೀಡಿಗೂ ನಡುವೆ ಸಣ್ಣ ಸಂದಿ ಇರುತ್ತೆ. ಅದಕ್ಕೆ ಟಿಪ್ ಓಪನಿಂಗ್ ಅಂತಾರೆ. ಊದಿದಾಗ ರೀಡ್ ಕಂಪಿಸಿ ಈ ಸಂದಿಯನ್ನು ಕಿರಿದು ಹಿರಿದು ಮಾಡುತ್ತೆ. ಯಮಹಾ 4ಸಿಯಲ್ಲಿ ಈ ಸಂದಿ 1.05 ಮಿ.ಮೀ., ವ್ಯಾಂಡೊರೆನ್ ಬಿ45ರಲ್ಲಿ 1.195 ಮಿ.ಮೀ. ವ್ಯತ್ಯಾಸ ಎರಡು ಝೆರಾಕ್ಸ್ ಹಾಳೆಯ ದಪ್ಪಕ್ಕಿಂತ ಕಮ್ಮಿ, ಆದ್ರೂ ಊದುವವರಿಗೆ ತಕ್ಷಣ ಗೊತ್ತಾಗುತ್ತೆ. ಸಂದಿ ಹೆಚ್ಚಾದರೆ ಸಾಮಾನ್ಯವಾಗಿ ಮೆದು ರೀಡ್ ಬೇಕು. ಅಂದ್ರೆ ಮೌತ್‌ಪೀಸ್ ಬದಲಾದರೆ ರೀಡೂ ಬದಲಾಗಬಹುದು, ಖರ್ಚು ಅಲ್ಲಿಗೇ ನಿಲ್ಲಲ್ಲ.

ಆದ್ದರಿಂದ ಲ್ಯಾಬಿನಲ್ಲಿ ಮಾಡೋ ಹಾಗೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿ.

1. ಮೊದಲು ಎರಡು ಮೂರು ಹೊಸ ರೀಡ್ ಹಾಕಿ ಊದಿ.

2. ರೀಡ್ ಕಟ್ಟಿದ ಮೌತ್‌ಪೀಸನ್ನು ಬಿಚ್ಚಿ, ಕೆಳಗಿನ ತೂತನ್ನು ಅಂಗೈಯಿಂದ ಮುಚ್ಚಿ ಗಾಳಿ ಎಳೆದು ಬಾಯಿಂದ ತೆಗೆಯಿರಿ. ರೀಡ್ ಕ್ಷಣಕಾಲ ಅಂಟಿಕೊಂಡಿದ್ದು ಟಪ್ ಅಂತ ಬಿಟ್ಟರೆ ಸರಿ. ಇಲ್ಲದಿದ್ರೆ ಎಲ್ಲೋ ಗಾಳಿ ಸೋರುತ್ತಿದೆ: ರೀಡ್ ಸೊಟ್ಟಗಾಗಿರಬಹುದು, ಇಲ್ಲವೇ ಅದು ಕೂರೋ ಜಾಗ.

3. ಮೇಲಿನ ಭಾಗದ ತೂತುಗಳನ್ನೆಲ್ಲ ಮುಚ್ಚಿ ಹೀಗೇ ಗಾಳಿ ಎಳೆಯಿರಿ. ಹಿಡಿತ ನಿಲ್ಲದಿದ್ರೆ ಪ್ಯಾಡ್ ರಿಪೇರಿ ಮಾಡಿಸಿ.

ಮೂರೂ ಸರಿಯಿದ್ದು ತೊಂದರೆ ಹಾಗೇ ಇದ್ರೆ ಮೌತ್‌ಪೀಸನ್ನು ಅನುಮಾನಿಸಬಹುದು. ತುದಿ ಚೂರು ಒಡೆದಿದ್ರೆ, ಬಿಸಿನೀರಲ್ಲಿ ತೊಳೆದು ಸೊಟ್ಟಗಾಗಿದ್ರೆ ಬದಲಾಯಿಸಲೇಬೇಕು. ಹಲ್ಲಿನ ಗುರುತಿಗೆ ಮಾತ್ರ ಹೊಸದು ಬೇಡ, ಮೇಲೆ ರಬ್ಬರ್ ಪ್ಯಾಚ್ ಅಂಟಿಸಿದ್ರೆ ಸಾಕು.

ಕೊಳ್ಳುವಾಗ ಹಳೇದನ್ನೂ ರೀಡ್‌ಗಳನ್ನೂ ಜೊತೆಗೆ ಒಯ್ಯಿರಿ. ಎರಡರಲ್ಲೂ ಒಂದೇ ಹಾಡು ನುಡಿಸಿ ಫೋನಲ್ಲಿ ರೆಕಾರ್ಡ್ ಮಾಡಿ. ಯಾವುದು ಯಾವುದು ಅಂತ ಹೇಳದೆ ಗೆಳೆಯರಿಗೆ ಕೇಳಿಸಿ. ಮೊದಲ ಹತ್ತು ನಿಮಿಷ ಹೊಸದೆಲ್ಲ ಚೆನ್ನಾಗೇ ಕೇಳಿಸುತ್ತೆ, ನಂಬಬೇಡಿ.

ರಾಜ್ಯೋತ್ಸವದ ದಿನ ನಾವು ಹಳೇ ಮೌತ್‌ಪೀಸಲ್ಲೇ ನುಡಿಸಿದ್ವಿ. ಒಂದು ಕಡೆ ಮಾತ್ರ ಕಿರುಚಿತು. ಅದು ನಮ್ಮ ತುಟಿಯ ತಪ್ಪು, ಅದಕ್ಕೆ ಪ್ರಾಕ್ಟೀಸ್ ಒಂದೇ ದಾರಿ.