ಒಂದು ಉತ್ಪನ್ನ, ಹಲವು ವಿಭಾಗ: ಆನ್‌ಲೈನ್ ಮಳಿಗೆಯ ದತ್ತಾಂಶ ಜೋಡಣೆ

ಸ್ವಸಹಾಯ ಸಂಘದ ಮಹಿಳೆಯರು ರಾಗಿ ಹುರಿಹಿಟ್ಟನ್ನು ಸಂತೆಯಲ್ಲಿ ಮಾರುವಾಗ ಅದು ಯಾವ ವಿಭಾಗಕ್ಕೆ ಸೇರಿದ್ದೆಂಬ ಪ್ರಶ್ನೆ ಏಳುವುದಿಲ್ಲ. ಹಪ್ಪಳ, ಉಪ್ಪಿನಕಾಯಿ, ಹುರಿಹಿಟ್ಟು ಎಲ್ಲವೂ ಒಂದೇ ಮೇಜಿನ ಮೇಲಿರುತ್ತವೆ. ಕೊಳ್ಳುವವರು ಕಣ್ಣಾರೆ ಕಂಡು ಆರಿಸಿಕೊಳ್ಳುತ್ತಾರೆ. ಆನ್‌ಲೈನ್ ಮಳಿಗೆಯಲ್ಲಿ ಗ್ರಾಹಕರಿಗೆ ಮೊದಲು ಕಾಣುವುದು ವಸ್ತುವಲ್ಲ, ವಿಭಾಗದ ಹೆಸರು. ಅವರು ತೆರೆದ ವಿಭಾಗದಲ್ಲಿ ಇಲ್ಲದ ವಸ್ತು ಅವರ ಪಾಲಿಗೆ ಇಲ್ಲವೆಂದೇ ಅರ್ಥ. ಹುರಿಹಿಟ್ಟನ್ನು ಒಬ್ಬರು ಸಿರಿಧಾನ್ಯ ವಿಭಾಗದಲ್ಲಿ ಹುಡುಕುತ್ತಾರೆ, ಇನ್ನೊಬ್ಬರು ಉಪಾಹಾರದಲ್ಲಿ, ಮತ್ತೊಬ್ಬರು ದೀಪಾವಳಿಯ ಉಡುಗೊರೆಗಳಲ್ಲಿ. ಮೂರೂ ಕಡೆ ಅದು ಕಾಣಬೇಕು. ಆದರೆ ಲೆಕ್ಕದಲ್ಲಿ ಅದು ಒಂದೇ ವಸ್ತುವಾಗಿ ಉಳಿಯಬೇಕು. ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟಗಳು ಉತ್ಪನ್ನಗಳ ಪಟ್ಟಿಯನ್ನು ಸಿದ್ಧಪಡಿಸುವಾಗ ಈ ಒಂದು ಅಂಶದಲ್ಲಿ ತಪ್ಪಿದರೆ ನಷ್ಟವು ನೇರವಾಗಿ ತಯಾರಿಸಿದವರ ಮೇಲೆ ಬೀಳುತ್ತದೆ.

ಸಾಮಾನ್ಯವಾಗಿ ನಡೆಯುವ ತಪ್ಪು ಸುಲಭದ ದಾರಿಯದು: ಒಂದೇ ಹುರಿಹಿಟ್ಟನ್ನು ಮೂರು ವಿಭಾಗಗಳಿಗಾಗಿ ಮೂರು ಸಾಲುಗಳಲ್ಲಿ ಬರೆಯುವುದು. ಒಕ್ಕೂಟದಲ್ಲಿ ಅರ್ಧ ಕಿಲೊ ತೂಕದ 60 ಪೊಟ್ಟಣಗಳಿವೆ ಎಂದು ಭಾವಿಸಬಹುದು. ಪ್ರತಿ ಸಾಲಿನಲ್ಲೂ ದಾಸ್ತಾನು 60 ಎಂದು ನಮೂದಾಗಿರುತ್ತದೆ. ಸಿರಿಧಾನ್ಯ ವಿಭಾಗದಿಂದ 50, ಉಪಾಹಾರ ವಿಭಾಗದಿಂದ 40 ಪೊಟ್ಟಣಗಳಿಗೆ ಬೇಡಿಕೆ ಬಂದರೆ ಗಣಕವು ಎರಡನ್ನೂ ಒಪ್ಪಿಕೊಳ್ಳುತ್ತದೆ, ಏಕೆಂದರೆ ಅದರ ಲೆಕ್ಕದಲ್ಲಿ ಅವು ಬೇರೆ ಬೇರೆ ವಸ್ತುಗಳು. ಕೊರತೆ ಬೀಳುವುದು 30 ಪೊಟ್ಟಣ. ಹಣ ಹಿಂದಿರುಗಿಸಬೇಕು, ಗ್ರಾಹಕರ ದೂರು ಕೇಳಬೇಕು. ರಾಗಿಯ ಬೆಲೆ ಏರಿದಾಗ ಒಂದು ಸಾಲಿನಲ್ಲಿ ದರ ತಿದ್ದಿ ಉಳಿದೆರಡನ್ನು ಮರೆತರೆ ಹಳೆಯ ದರಕ್ಕೇ ಮಾರಾಟ ಮುಂದುವರಿಯುತ್ತದೆ.

ಇನ್ನು ಕೆಲವರು ಉತ್ಪನ್ನದ ಸಾಲಿನಲ್ಲೇ ‘ವಿಭಾಗ 1’, ‘ವಿಭಾಗ 2’, ‘ವಿಭಾಗ 3’ ಎಂದು ಅಂಕಣಗಳನ್ನು ಮಾಡುತ್ತಾರೆ. ನಾಲ್ಕನೆಯದು ಬೇಕಾದ ದಿನ ಜಾಗವಿರುವುದಿಲ್ಲ. ಒಂದೇ ಅಂಕಣದಲ್ಲಿ ಅಲ್ಪವಿರಾಮ ಹಾಕಿ ಎಲ್ಲ ಹೆಸರುಗಳನ್ನು ಬರೆಯುವ ಕ್ರಮವೂ ಉಂಟು. ಕನ್ನಡದಲ್ಲಿ ಇದು ವಿಶೇಷವಾಗಿ ತೊಡಕಿನದು: ಒಬ್ಬರು ‘ಸಿರಿಧಾನ್ಯ’ ಎಂದು ಕೂಡಿಸಿ ಬರೆದರೆ ಮತ್ತೊಬ್ಬರು ‘ಸಿರಿ ಧಾನ್ಯ’ ಎಂದು ಬಿಡಿಸಿ ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ. ಗಣಕಕ್ಕೆ ಎರಡು ವಿಭಾಗ.

ಸರಿಯಾದ ಕ್ರಮವು ಗ್ರಾಮ ಪಂಚಾಯಿತಿ ಸದಸ್ಯರಿಗೆ ಹೊಸದೇನಲ್ಲ. ಉದ್ಯೋಗ ಖಾತ್ರಿ ಕಾಮಗಾರಿಗಳಲ್ಲಿ ಒಬ್ಬ ಕೂಲಿಕಾರರು ವರ್ಷದಲ್ಲಿ ಕೆರೆ ಹೂಳೆತ್ತುವ ಕೆಲಸಕ್ಕೂ ಬದು ನಿರ್ಮಾಣಕ್ಕೂ ಹೋಗುತ್ತಾರೆ. ಒಂದು ಕಾಮಗಾರಿಯಲ್ಲಿ ಹಲವು ಕೂಲಿಕಾರರು ದುಡಿಯುತ್ತಾರೆ. ಹಾಗೆಂದು ಪ್ರತಿ ಕಾಮಗಾರಿಗೂ ಅದೇ ಕುಟುಂಬಕ್ಕೆ ಹೊಸ ಜಾಬ್ ಕಾರ್ಡ್ ನೀಡುವುದಿಲ್ಲ. ನೀಡಿದರೆ ಏನಾಗುತ್ತದೆಂದು ಸದಸ್ಯರಿಗೆ ವಿವರಿಸಬೇಕಾಗಿಲ್ಲ. ಜಾಬ್ ಕಾರ್ಡ್‌ಗಳ ವಹಿ ಒಂದು, ಕಾಮಗಾರಿಗಳ ವಹಿ ಇನ್ನೊಂದು. ಯಾರು ಯಾವ ಕಾಮಗಾರಿಯಲ್ಲಿ ದುಡಿದರು ಎಂಬುದನ್ನು ಹೇಳುವುದು ಮೂರನೆಯ ದಾಖಲೆ, ಎನ್‌ಎಂಆರ್ ಎಂದು ಪರಿಚಿತವಾದ ಹಾಜರಿ ಪಟ್ಟಿ.

ಮಳಿಗೆಯ ದತ್ತಾಂಶವೂ ಹೀಗೆಯೇ ಮೂರು ಕೋಷ್ಟಕಗಳಲ್ಲಿರಬೇಕು. ಮೊದಲನೆಯದರಲ್ಲಿ ಪ್ರತಿ ಉತ್ಪನ್ನಕ್ಕೆ ಒಂದು ಸಂಖ್ಯೆ, ಹೆಸರು, ತೂಕ, ದರ, ದಾಸ್ತಾನು. ಎರಡನೆಯದರಲ್ಲಿ ಪ್ರತಿ ವಿಭಾಗಕ್ಕೆ ಒಂದು ಸಂಖ್ಯೆ ಮತ್ತು ಒಮ್ಮೆ ಮಾತ್ರ ಬರೆದ ಹೆಸರು. ಮೂರನೆಯದು ಜೋಡಣೆಯ ಕೋಷ್ಟಕ. ಅದರಲ್ಲಿ ಸಂಖ್ಯೆಗಳ ಜೋಡಿಗಳು ಮಾತ್ರ. ಹುರಿಹಿಟ್ಟಿನ ಸಂಖ್ಯೆ 12, ಸಿರಿಧಾನ್ಯ 3, ಉಪಾಹಾರ 7, ಉಡುಗೊರೆ 9 ಆಗಿದ್ದರೆ ಅಲ್ಲಿ 12–3, 12–7, 12–9 ಎಂಬ ಮೂರು ಸಾಲುಗಳಿರುತ್ತವೆ. ಗ್ರಾಹಕರು ಯಾವ ಬಾಗಿಲಿನಿಂದ ಬಂದರೂ ತಲುಪುವುದು 12ನೆಯ ಸಂಖ್ಯೆಯನ್ನೇ, ಕಡಿಮೆಯಾಗುವುದು ಒಂದೇ ದಾಸ್ತಾನು. ದೀಪಾವಳಿ ಮುಗಿದೊಡನೆ 12–9 ಎಂಬ ಸಾಲನ್ನು ಅಳಿಸಿದರೆ ಸಾಕು. ಉತ್ಪನ್ನಕ್ಕೆ ಕೈ ಹಚ್ಚುವ ಅಗತ್ಯವಿಲ್ಲ. ಒಂದೇ ಜೋಡಿಯು ಎರಡು ಬಾರಿ ನಮೂದಾಗದಂತೆ ತಂತ್ರಾಂಶದಲ್ಲಿಯೇ ತಡೆಯಿರಬೇಕು. ದತ್ತಾಂಶವನ್ನು ಹೀಗೆ ಪರಸ್ಪರ ಸಂಬಂಧವುಳ್ಳ ಕೋಷ್ಟಕಗಳಾಗಿ ನೋಡುವ ಕ್ರಮವನ್ನು ಐಬಿಎಂ ಸಂಸ್ಥೆಯ ಸಂಶೋಧಕ ಎಡ್ಗರ್ ಕಾಡ್ 1970ರಲ್ಲಿ ಪ್ರತಿಪಾದಿಸಿದರು. ಇಂದಿನ ಬಹುತೇಕ ಆನ್‌ಲೈನ್ ಮಳಿಗೆಗಳು ಈ ತಳಹದಿಯ ಮೇಲೆಯೇ ನಿಂತಿವೆ.

ಎಲ್ಲ ವಿವರಗಳನ್ನೂ ಜೋಡಣೆಯ ಕೋಷ್ಟಕಕ್ಕೆ ಒಯ್ಯಬೇಕೆಂದಲ್ಲ. ಜಿಎಸ್‌ಟಿಗಾಗಿ ನೀಡುವ ಎಚ್‌ಎಸ್‌ಎನ್ ಸಂಖ್ಯೆಯೂ ಒಂದು ವರ್ಗೀಕರಣವೇ, ಆದರೆ ಒಂದು ವಸ್ತುವಿಗೆ ಅದು ಒಂದೇ. ಹಪ್ಪಳವು 1905ನೆಯ ಶೀರ್ಷಿಕೆಗೆ ಸೇರುತ್ತದೆ. ಮಳಿಗೆಯಲ್ಲಿ ಅದನ್ನು ಐದು ವಿಭಾಗಗಳಲ್ಲಿ ತೋರಿಸಿದರೂ ತೆರಿಗೆಯ ದೃಷ್ಟಿಯಲ್ಲಿ ಬದಲಾವಣೆಯಿಲ್ಲ. ಆದ್ದರಿಂದ ಈ ಸಂಖ್ಯೆಯು ಉತ್ಪನ್ನದ ಸಾಲಿನಲ್ಲಿಯೇ ಇರತಕ್ಕದ್ದು.

ಹಲವು ವಿಭಾಗಗಳಿಗೆ ಸೇರಿಸುವುದು ಸುಲಭವಾದೊಡನೆ ಎಲ್ಲ ವಿಭಾಗಗಳಿಗೂ ಸೇರಿಸುವ ಆಸೆ ಹುಟ್ಟುತ್ತದೆ. ಇಲ್ಲಿ ಎಚ್ಚರ ಅಗತ್ಯ, ಏಕೆಂದರೆ ಕೆಲವು ವಿಭಾಗಗಳ ಹೆಸರೇ ಗ್ರಾಹಕರಿಗೆ ಕೊಡುವ ಭರವಸೆ. ಸಾವಯವ ಆಹಾರ ಕುರಿತ 2017ರ ನಿಯಮಾವಳಿಯು ಎನ್‌ಪಿಒಪಿ ಮತ್ತು ಪಿಜಿಎಸ್-ಇಂಡಿಯಾ ಎಂಬ ಎರಡು ಪ್ರಮಾಣೀಕರಣ ವ್ಯವಸ್ಥೆಗಳನ್ನು ಗುರುತಿಸಿದೆ; ಪ್ರಮಾಣಪತ್ರ ಕೈಯಲ್ಲಿಲ್ಲದೆ ‘ಸಾವಯವ’ ವಿಭಾಗಕ್ಕೆ ಸೇರಿಸದಿರುವುದು ಕ್ಷೇಮ. ಹುರಿಹಿಟ್ಟನ್ನು ಮನೆಗಳಲ್ಲಿ ಮಕ್ಕಳಿಗೆ ತಿನ್ನಿಸುವುದು ನಿಜವಾದರೂ ‘ಶಿಶು ಆಹಾರ’ ಎಂಬ ವಿಭಾಗ ಬೇರೆಯೇ ಮಾತು: ಎರಡು ವರ್ಷದೊಳಗಿನ ಶಿಶುಗಳ ಆಹಾರದ ಜಾಹೀರಾತನ್ನು 1992ರ ಕಾಯ್ದೆ, 2003ರ ತಿದ್ದುಪಡಿಯೊಂದಿಗೆ, ನಿಷೇಧಿಸುತ್ತದೆ. ಬ್ಯಾಡಗಿ ಮೆಣಸಿನಕಾಯಿ, ಇಳಕಲ್ ಸೀರೆ, ಚನ್ನಪಟ್ಟಣದ ಆಟಿಕೆಗಳಂತಹ ಭೌಗೋಳಿಕ ಸೂಚಕ ಪಡೆದ ಹೆಸರುಗಳಿಗೂ ಇದೇ ಎಚ್ಚರ ಸಲ್ಲುತ್ತದೆ. ಬೇರೆ ಊರಿನ ಮೆಣಸಿನಪುಡಿ ಆ ವಿಭಾಗದಲ್ಲಿ ಕಾಣಿಸಿಕೊಂಡರೆ ಅದು ದತ್ತಾಂಶದ ದೋಷವಾಗಿ ಮಾತ್ರ ಉಳಿಯುವುದಿಲ್ಲ.

ತಂತ್ರಾಂಶದ ಒಳಗನ್ನು ಅರಿಯದ ಸದಸ್ಯರೂ ಇದನ್ನು ಪರಿಶೀಲಿಸಬಹುದು. ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರರಿಂದ ಉತ್ಪನ್ನಗಳ ಪಟ್ಟಿಯ ಮುದ್ರಿತ ಪ್ರತಿಯನ್ನು ಪಡೆದು, ಒಂದೇ ಹೆಸರು ಎಷ್ಟು ಸಾಲುಗಳಲ್ಲಿದೆ ಎಂದು ನೋಡುವುದು. ಅರ್ಧ ಕಿಲೊ ಮತ್ತು ಒಂದು ಕಿಲೊ ಪೊಟ್ಟಣಗಳು ಎರಡು ಸಾಲುಗಳಲ್ಲಿದ್ದರೆ ಅದು ಸರಿಯೇ. ಅವುಗಳ ದರ ಬೇರೆ, ದಾಸ್ತಾನು ಬೇರೆ. ಒಂದೇ ಸಂಘ ತಯಾರಿಸಿದ, ಒಂದೇ ತೂಕದ, ಒಂದೇ ದರದ ಹುರಿಹಿಟ್ಟು ಮೂರು ಸಾಲುಗಳಲ್ಲಿದ್ದರೆ, ಮುಂದಿನ ಬೇಡಿಕೆಯನ್ನು ಸ್ವೀಕರಿಸುವ ಮುನ್ನ ಉಗ್ರಾಣದಲ್ಲಿರುವ ಪೊಟ್ಟಣಗಳನ್ನು ಎಣಿಸಿ, ಎರಡು ಸಾಲುಗಳನ್ನು ತೆಗೆಸತಕ್ಕದ್ದು.