ಎದೆ ಅಳತೆ ಸಾಲದ ಹುಡುಗ

ನಮ್ಮಣ್ಣ ಮಿಲಿಟರಿ ಭರ್ತಿಗೆ ಹೋಗಿ ವಾಪಸ್ ಬಂದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತು. ಓಟದಲ್ಲಿ ಪಾಸಾದ, ಎದೆ ಅಳತೆಯಲ್ಲಿ ಫೇಲಾದ. ಉಸಿರು ಎಳೆದುಕೊಂಡಾಗ ಎದೆ 5 ಸೆಂಟಿಮೀಟರ್ ಹಿಗ್ಗಬೇಕಂತೆ. ಅವನದ್ದು ಅಷ್ಟು ಹಿಗ್ಗಲಿಲ್ಲ. ಎರಡು ದಿನ ಯಾರ ಹತ್ತಿರವೂ ಮಾತಾಡದೆ ತೋಟದ ಕೆಲಸಕ್ಕೆ ಹೋದ.

ಅದೇ ವಾರ ಮೇಷ್ಟ್ರು ವಿಶ್ವಸಂಸ್ಥೆಯ ಪಾಠ ಮಾಡುತ್ತಾ ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಎಂಬ ಹೆಸರು ಹೇಳಿದರು. ಅವರ ಬಗ್ಗೆ ಓದಿದರೆ ಅಲ್ಲೂ ಎದೆ ಅಳತೆಯೇ! ಅದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ಸಲಾರಿಯಾ ಹುಟ್ಟಿದ್ದು 1935ರ ನವೆಂಬರ್ 29ರಂದು, ಈಗ ಪಾಕಿಸ್ತಾನದಲ್ಲಿರುವ ಒಂದು ಹಳ್ಳಿಯಲ್ಲಿ. ತಂದೆಯೂ ಸೈನಿಕರು. ನಮ್ಮ ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಶಾಲೆಗೆ ಸೇರಲು ಹೋದಾಗ, ಎದೆ ಸಾಲದು ಎಂದು ಬಿಟ್ಟುಬಿಟ್ಟರು. ಹುಡುಗ ಬಿಡಲಿಲ್ಲ. ವ್ಯಾಯಾಮ ಮಾಡಿ ಮೈ ಬೆಳೆಸಿಕೊಂಡು 1946ರಲ್ಲಿ ಸೇರಿಯೇಬಿಟ್ಟ. ಆಗ ಅವನಿಗೆ ಹತ್ತು ವರ್ಷ, ನಮ್ಮ ಐದನೇ ಕ್ಲಾಸಿನವರ ವಯಸ್ಸು. ಮರುವರ್ಷ ಅಲ್ಲಿಂದ ಜಲಂಧರಿನ ಶಾಲೆಗೆ ಹೋದ. 1957ರಲ್ಲಿ ಸೈನ್ಯದ ಅಧಿಕಾರಿಯಾಗಿ, ಮುಂದೆ ಒಂದನೇ ಗೂರ್ಖಾ ರೈಫಲ್ಸ್‌ನ ಮೂರನೇ ಬೆಟಾಲಿಯನ್ ಸೇರಿದರು. ಇದು ಕಾಲಾಳು ಪಡೆ.

ಆಫ್ರಿಕಾದ ಕಾಂಗೋ ದೇಶ 1960ರಲ್ಲಿ ಬೆಲ್ಜಿಯಂನಿಂದ ಸ್ವತಂತ್ರವಾಯಿತು. ಕೂಡಲೇ ಅದರ ಕಟಾಂಗಾ ಪ್ರಾಂತ ತಾನೇ ಬೇರೆ ದೇಶ ಎಂದಿತು. ಅಲ್ಲಿ ತಾಮ್ರದ ಗಣಿಗಳಿದ್ದವು. (ಕುದುರೆಮುಖದ ಗಣಿ ನೋಡಿದ ನಮ್ಮ ಹಿರಿಯರಿಗೆ ಗಣಿ ಅಂದರೆ ಎಷ್ಟು ದುಡ್ಡು ಅಂತ ಹೇಳಬೇಕಾಗಿಲ್ಲ.) ದೇಶ ಒಡೆಯದಂತೆ ನೋಡಿಕೊಳ್ಳಲು ವಿಶ್ವಸಂಸ್ಥೆ ಪಡೆ ಕಳಿಸಿತು. ಅದರಲ್ಲಿ ಭಾರತದ ಸುಮಾರು 3,000 ಸೈನಿಕರಿದ್ದರು.

ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಮರ ಬಿದ್ದರೆ ರಸ್ತೆ ಬಂದ್ ಆಗುತ್ತದಲ್ಲ, ಹಾಗೆ ಎಲಿಜಬೆತ್‌ವಿಲ್ ಪಟ್ಟಣದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ರಸ್ತೆಯನ್ನು ಕಟಾಂಗಾದವರು ಬಂದೂಕು ಹಿಡಿದು ಬಂದ್ ಮಾಡಿದ್ದರು. ಈ ಪಟ್ಟಣಕ್ಕೆ ಈಗ ಲುಬುಂಬಾಶಿ ಎಂದು ಹೆಸರು. 1961ರ ಡಿಸೆಂಬರ್ 5ರಂದು ರಸ್ತೆ ಬಿಡಿಸಲು ಗೂರ್ಖಾಗಳು ಹೊರಟರು. ನಿಲ್ದಾಣದ ಕಡೆಯಿಂದ ಬಂದ ಸಲಾರಿಯಾ ಜೊತೆ ಇದ್ದದ್ದು 16 ಜನ. ಎದುರಿಗೆ ಸುಮಾರು 90 ಜನ, ಎರಡು ಕವಚದ ಗಾಡಿಗಳು. ಇವರು ರಾಕೆಟ್‌ನಿಂದ ಎರಡೂ ಗಾಡಿ ಹೊಡೆದರು. ಆಮೇಲೆ ಕುಕ್ರಿ ಹಿಡಿದು ನುಗ್ಗಿದರು. ಕುಕ್ರಿ ಅಂದರೆ ನಮ್ಮ ಕತ್ತಿಯ ಹಾಗೆ ಬಾಗಿದ ಗೂರ್ಖಾಗಳ ಆಯುಧ. ಎದುರಾಳಿಗಳಲ್ಲಿ 40 ಜನ ಸತ್ತರು, ಉಳಿದವರು ಓಡಿದರು. ಸಲಾರಿಯಾ ಕುತ್ತಿಗೆಗೆ ಗುಂಡು ಬಿತ್ತು. ಆದರೂ ಕುಸಿದು ಬೀಳುವವರೆಗೆ ಕಾದಾಡಿದರು. ವಯಸ್ಸು 26. ಅವರಿಗೆ ಪರಮವೀರ ಚಕ್ರ ಬಂತು. ವಿಶ್ವಸಂಸ್ಥೆಯ ಶಾಂತಿ ಪಡೆಯಲ್ಲಿದ್ದು ಅದನ್ನು ಪಡೆದವರು ಅವರೊಬ್ಬರೇ.

ನಮ್ಮ ಕಡೆ ವೀರಗಲ್ಲುಗಳಲ್ಲಿ ಇರುವವರು ದನ ಬಿಡಿಸಲು, ಊರು ಕಾಯಲು ಸತ್ತವರು. ಇವರು ಸತ್ತದ್ದು ಯಾರದೋ ಊರಿನ ರಸ್ತೆಗೆ. ಯಾಕೆ ಸಾರ್ ಅಂತ ಕೇಳಿದೆ. "ನಮ್ಮ ದೇಶ ಮಾತು ಕೊಟ್ಟಿತ್ತು ಕಣೋ, ಆ ಮಾತು ಉಳಿಸಲು ಹೋದವರು ಅವರು" ಅಂದರು ಮೇಷ್ಟ್ರು. ನನಗೆ ಅರ್ಧ ಒಪ್ಪಿಗೆಯಾಯಿತು, ಇನ್ನರ್ಧ ಇಲ್ಲ. ಸತ್ತ ಆ 40 ಜನರ ಮನೆಗಳಲ್ಲೂ ಅವ್ವಂದಿರು ಇದ್ದಿರಬೇಕಲ್ಲ?

ಇದನ್ನು ಅಣ್ಣನಿಗೆ ಕೊಟ್ಟೆ. ಪೂರ್ತಿ ಓದಿದ. ಈಗ ಬೆಳಿಗ್ಗೆ ಐದಕ್ಕೇ ಎದ್ದು ದಂಡ ಹೊಡೆಯುತ್ತಾನೆ. ಅವ್ವನೂ ಓದಿ ಹೇಳು ಅಂದಳು. ಬೆಂಗಳೂರಿನ ಶಾಲೆಯವರೆಗೆ ಓದಿ ನಿಲ್ಲಿಸಿದೆ.